ರಂಜಿತ ಬರೆದ ಟ್ರಾನ್ಸ್‌ಫಾರ್ಮರು

ಪಾಂಡವಪುರದ ಚಲುವರಾಜು ತಮ್ಮ ಜಾಗವನ್ನು ಫ್ಯಾಕ್ಟರಿ ಅನ್ನುತ್ತಾರೆ. ಉಳಿದವರೆಲ್ಲ ಶೆಡ್ಡು ಅನ್ನುತ್ತಾರೆ. ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿ ನಿಲ್ಲುವ ರಸ್ತೆಯಲ್ಲಿ, ಸಿಮೆಂಟ್ ಅಂಗಡಿಯ ಹಿಂಬದಿಗೆ, ಶೀಟು ಹೊದಿಸಿದ ಉದ್ದನೆಯ ಕಟ್ಟಡ. ಪಂಪ್‌ಸೆಟ್ಟಿಗೆ ಹಾಕುವ ಸ್ಟಾರ್ಟರ್ ಪೆಟ್ಟಿಗೆಗಳು ಅಲ್ಲಿ ತಯಾರಾಗುತ್ತವೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಮೋಟರನ್ನು ತಾನೇ ಓಡಿಸುವ, ಒಂದು ಫೇಸ್ ಕೈಕೊಟ್ಟರೆ ತಾನೇ ನಿಲ್ಲಿಸುವ, ಮನೆಯಲ್ಲಿ ಕೂತು ಮೊಬೈಲಿನಿಂದ ಹೇಳಿದರೂ ಕೇಳುವ ಪೆಟ್ಟಿಗೆ. ಅದರೊಳಗೆ ಅಂಗೈಗಿಂತ ತುಸು ದೊಡ್ಡದಾದ ಒಂದು ಹಸಿರು ಬೋರ್ಡು ಇರುತ್ತದೆ. ಆ ಬೋರ್ಡನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದವಳು ರಂಜಿತ.

ರಂಜಿತಳ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಿಟ್ಟು ಬಂದರೆ ಅವಳು ಕೂಗಾಡುವುದಿಲ್ಲ. ಮಾತು ಕಮ್ಮಿಯಾಗುತ್ತ ಹೋಗುತ್ತದೆ, ಆಡಿದ ಒಂದೊಂದು ಮಾತೂ ಗಟ್ಟಿಯಾಗುತ್ತ ಹೋಗುತ್ತದೆ. ಆಮೇಲೆ ಎದುರಿಗಿದ್ದವರು ಒಂದೋ ಎದ್ದು ಹೋಗಬೇಕು, ಇಲ್ಲವೇ ಅವಳು ಹೇಳಿದ್ದನ್ನು ಮಾಡಬೇಕು. ನಾಗಮಂಗಲದ ಕುಲುಮೆ ಮನೆಯ ಹುಡುಗಿ ಅವಳು. ತಾತ ಕುಡುಗೋಲು ತಟ್ಟುತ್ತಿದ್ದ. ಅಪ್ಪ ಸುರೇಂದ್ರಾಚಾರಿಯ ಕಾಲಕ್ಕೆ ಕುಲುಮೆ ಆರಿ ವೆಲ್ಡಿಂಗ್ ಬಂತು, ಗೇಟು ಗ್ರಿಲ್ಲು ಬಂದವು, ಮನೆಯ ಹೆಸರು ಮಾತ್ರ ಹಾಗೇ ಉಳಿಯಿತು. "ಈ ಮೂಗಿನ್ ತುದಿ ಸಿಟ್ಟು ನಿಮ್ಮಪ್ಪನ್ ಕಡೇದು, ನಮ್ ಕಡೇರು ಇಂಗಿಲ್ಲ" ಎಂದು ತಾಯಿ ಮಂಗಳಮ್ಮ ಅನ್ನುತ್ತಿದ್ದಳು.

ಡಿಪ್ಲೊಮಾ ಓದುವಾಗ ಲ್ಯಾಬಿನ ಅಟೆಂಡರು ಹುಡುಗಿಯರ ಕೈಗೆ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಕೊಡುತ್ತಿರಲಿಲ್ಲ, ಕೈ ಸುಟ್ಟುಕೊಳ್ಳುತ್ತೀರಿ ಎಂದು. ರಂಜಿತ ಮಾರನೆಯ ದಿನ ಪೇಟೆಯಲ್ಲಿ ತನ್ನದೇ ಒಂದು ಐರನ್ ಕೊಂಡು ತಂದು, ಕಾರಿಡಾರಿನ ಪ್ಲಗ್ಗಿಗೆ ಸಿಕ್ಕಿಸಿ, ಲ್ಯಾಬಿನ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ಆ ಕಡೆ ಬಂದ ಪ್ರಿನ್ಸಿಪಾಲರು ಏನಮ್ಮ ಇದು ಎಂದು ಕೇಳಿದರು. "ಒಳಗೆ ಕೈ ಸುಟ್ಕೋಬಾರದಂತೆ ಸಾರ್, ಅದಕ್ಕೆ ಹೊರಗೆ ಸುಟ್ಕೋತಾ ಇದೀನಿ" ಅಂದಳು. ಆವತ್ತಿನಿಂದ ಹುಡುಗಿಯರ ಬೆಂಚಿಗೂ ಐರನ್ ಬಂತು.

ಇಂಥವಳಿಗೆ ಕೆಲಸ ಕೊಟ್ಟವರು ಚಲುವರಾಜು. ಚಿನಕುರಳಿ ಕಡೆಯ ಜಮೀನುದಾರರ ಮನೆಯವರು. ತಮ್ಮ ತೋಟದ ಮೋಟರು ಮೇಲಿಂದ ಮೇಲೆ ಸುಟ್ಟು, ರಿವೈಂಡಿಂಗ್ ಅಂಗಡಿಗೆ ಅಲೆದು ರೋಸಿಹೋಗಿ, ತಾವೇ ಪೆಟ್ಟಿಗೆ ಮಾಡಲು ಕೂತವರು. ಊರಲ್ಲಿ ಬೇರೆ ಯಾರೂ ಹೆಣ್ಣುಮಗಳೊಬ್ಬಳನ್ನು ಇಂಥ ಕೆಲಸಕ್ಕೆ ಕರೆಯದೆ ಇದ್ದ ಕಾಲದಲ್ಲಿ ಅವರು ಕರೆದರು, ಕಂಪ್ಯೂಟರ್ ಕೊಡಿಸಿದರು, ಮೈಸೂರಿಗೆ ಕಳಿಸಿ ಕಲಿಸಿದರು. ರಂಜಿತ ಅವರನ್ನು ಅಣ್ಣ ಅನ್ನುತ್ತಿದ್ದಳು, ಮನಸಾರೆ ಅನ್ನುತ್ತಿದ್ದಳು. ಮುಂದಾದದ್ದು ಅವಳ ಹೊಟ್ಟೆಯನ್ನು ಅಷ್ಟು ಉರಿಸಿದ್ದೂ ಅದಕ್ಕೇ.

ಅವಳ ಕೆಲಸ ಏನೆಂದು ಎರಡು ಮಾತು ಹೇಳಬೇಕು. ಬೋರ್ಡು ಬರೆಯುವ ಸಾಫ್ಟ್‌ವೇರಿನಲ್ಲಿ ಬಿಡಿಭಾಗಗಳ ದೊಡ್ಡ ಉಗ್ರಾಣವೇ ಇರುತ್ತದೆ. ಬೇಕಾದ್ದನ್ನು ಎತ್ತಿ ತಂದು ಇಡುವುದು, ತಂತಿಯ ಗೆರೆ ಎಳೆಯುವುದು. ಆದರೆ ಬೇಕಾದ ಭಾಗ ಆ ಉಗ್ರಾಣದಲ್ಲಿ ಇಲ್ಲದಿದ್ದರೆ ಅದನ್ನು ನಾವೇ ಬರೆದುಕೊಳ್ಳಬೇಕು. ಒಂದು ಭಾಗಕ್ಕೆ ಎರಡು ಚಿತ್ರ. ಭಾಗದ ಬುಡದಲ್ಲಿರುವ ತಂತಿಯ ಕಾಲುಗಳಲ್ಲಿ ಯಾವ ಕಾಲಿಗೆ ಯಾವ ಕೆಲಸ ಎಂದು ತೋರಿಸುವುದು ಒಂದು. ಆ ಕಾಲುಗಳು ನಿಜವಾದ ಬೋರ್ಡಿನ ಮೇಲೆ ಎಲ್ಲೆಲ್ಲಿ ಊರಬೇಕೆಂದು ಕೂದಲೆಳೆ ಲೆಕ್ಕದಲ್ಲಿ ತೋರಿಸುವುದು ಇನ್ನೊಂದು. ಎರಡನ್ನೂ ನಂಬರಿಗೆ ನಂಬರು ಸೇರಿಸಿ ಗಂಟು ಹಾಕಬೇಕು. ಈ ಸೀಮೆಯ ಪಂಪ್‌ಸೆಟ್ಟಿಗೆ ಬಳಸುವ ರಿಲೇ, ಕನೆಕ್ಟರು, ಬೆಂಕಿಪೊಟ್ಟಣದಷ್ಟು ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಆ ಸಾಫ್ಟ್‌ವೇರ್ ಮಾಡಿದವರು ಕಂಡೂ ಇರಲಿಲ್ಲ. ರಂಜಿತ ಒಂದೊಂದನ್ನೂ ಕೈಯಲ್ಲಿ ಹಿಡಿದು, ವರ್ನಿಯರಿನಲ್ಲಿ ಅಳೆದು, ವರ್ಷಾನುಗಟ್ಟಲೆ ಬರೆದಿಟ್ಟಿದ್ದಳು. ಸರಿಯಾಗಿ ಬರೆದರೆ ಯಾರಿಗೂ ಗೊತ್ತಾಗದ ಕೆಲಸ ಅದು. ತಪ್ಪಿದರೆ, ಬೋರ್ಡು ತಯಾರಾಗಿ ಬಂದು ಭಾಗ ಕೂರದೆ ಇದ್ದಾಗ, ಎಲ್ಲರಿಗೂ ಒಟ್ಟಿಗೇ ಗೊತ್ತಾಗುತ್ತದೆ.

ಹೋದ ವರ್ಷ ಚಲುವರಾಜು ಅವರ ಅಳಿಯ ಕಿಶನ್ ಶೆಡ್ಡಿನ ಖರೀದಿ ನೋಡಿಕೊಳ್ಳಲು ಬಂದ. ಮೈಸೂರಿನಲ್ಲಿ ಬೆಳೆದ ಹುಡುಗ, ಮಾತಿನಲ್ಲಿ ಚುರುಕು. ಮೊದಲಿನಿಂದ ಟ್ರಾನ್ಸ್‌ಫಾರ್ಮರು ಕೊಡುತ್ತಿದ್ದವರನ್ನು ಬಿಡಿಸಿ ಬೆಂಗಳೂರಿನ ಬೇರೊಬ್ಬರಿಂದ ತರಿಸುವುದೆಂದು ತೀರ್ಮಾನ ಮಾಡಿದ. ಹೊಸ ಟ್ರಾನ್ಸ್‌ಫಾರ್ಮರಿನ ಕಾಲುಗಳ ಜಾಗವೇ ಬೇರೆ. ಹಾಗಾಗಿ ರಂಜಿತ ಹೊಸ ಭಾಗ ಬರೆಯಬೇಕಾಯಿತು.

"ಟ್ರಾನ್ಸ್‌ಫಾರ್ಮರಿನ ಪೀಸ್ ಎಲ್ಲಿ?" ಎಂದು ಕೇಳಿದಳು.

"ಕೊರಿಯರ್‌ಗೆ ಹಾಕಿದಾರಂತೆ ಮೇಡಮ್, ಬರುತ್ತೆ. ಡ್ರಾಯಿಂಗ್ ವಾಟ್ಸಾಪ್ ಮಾಡಿದೀನಲ್ಲ, ಅದನ್ನ ನೋಡ್ಕೊಂಡು ಮಾಡಿ" ಅಂದ ಕಿಶನ್.

"ಈ ಡ್ರಾಯಿಂಗು ಮೇಲಿಂದ ನೋಡಿ ಬರೆದಿದ್ದೋ ಕೆಳಗಿಂದ ನೋಡಿ ಬರೆದಿದ್ದೋ ಇದರಲ್ಲಿಲ್ಲ."

"ಮೇಲಿಂದಾನೇ ಇರುತ್ತೆ. ಒಂದು ವಸ್ತುನ ಯಾರಾದ್ರೂ ಕೆಳಗಿಂದ ನೋಡ್ತಾರಾ? ಹತ್ತು ನಿಮಿಷದ ಕೆಲಸಕ್ಕೆ ಇಷ್ಟೊಂದು ಯೋಚನೆ ಯಾಕೆ?"

ಹತ್ತು ನಿಮಿಷದ ಕೆಲಸ ಎಂಬ ಮಾತಿಗೆ ರಂಜಿತಳ ಮೈ ಉರಿಯಿತು. ನೇರ ಚಲುವರಾಜು ಅವರ ಟೇಬಲ್ಲಿಗೆ ಹೋದಳು.

"ಅಣ್ಣಾ, ಪೀಸ್ ಕೈಗ್ ಬರೋ ಗಂಟ ನಾನು ಬರೆಯಲ್ಲ. ಕಾಲುಗಳು ಬುಡದಲ್ಲಿರ್ತವೆ. ಬುಡ ಮೇಲೆ ಮಾಡ್ಕಂಡು ನೋಡುದ್ರೆ ಎಡಗಡೇದು ಬಲಗಡೆ ಕಾಣ್ತದೆ. ಎಡವಟ್ಟಾದ್ರೆ ಬೋರ್ಡೆಲ್ಲ ದಂಡ."

ಚಲುವರಾಜು ಫೋನಿನಲ್ಲಿ ಶ್ರೀರಂಗಪಟ್ಟಣದ ಡೀಲರಿಗೆ ಸಮಾಧಾನ ಹೇಳುತ್ತಿದ್ದರು. ಮುಂಗಾರು ಹಿಡಿಯುವ ಮೊದಲು ಮಾಲು ಕೊಡದಿದ್ದರೆ ಬೇರೆ ಕಡೆ ತರುತ್ತೇನೆಂದು ಆತ ಹಟ ಹಿಡಿದಿದ್ದ. ಫೋನಿಗೆ ಕೈ ಅಡ್ಡ ಹಿಡಿದು ಅಂದರು: "ನೋಡವ್ವ, ನೀನ್ ಬರ್ದಿದ್ದು ಕಳ್ಸಿ ಬೋರ್ಡು ಮಾಡ್ಸಿ ತರ್ಸೋಕೇ ಎರಡು ವಾರ ಬೇಕು. ಪೀಸಿಗೆ ಕಾಯ್ಕೊಂಡು ಕೂತ್ರೆ ಕೆಲ್ಸ ಕೆಡ್ತದೆ. ನಿಂಗೆ ಗೊತ್ತಾಗ್ದೆ ಇರೋದು ಏನದೆ? ಮಾಡು, ಓಗು."

ಹೊಗಳಿದಂತೆಯೂ ಆಯಿತು, ಬಾಯಿ ಮುಚ್ಚಿಸಿದಂತೆಯೂ ಆಯಿತು. ರಂಜಿತ ಬೆಂಗಳೂರಿನ ಅಂಗಡಿಗೆ ತಾನೇ ಫೋನ್ ಮಾಡಿದಳು. ಎತ್ತಿದವನು ಏನೋ ಅಗಿಯುತ್ತ, "ಮೇಲಿಂದ ಮೇಡಮ್, ಮೇಲಿಂದ" ಅಂದ. ನೋಡಿ ಹೇಳಿದನೋ ಸುಮ್ಮನೆ ಹೇಳಿದನೋ ದೇವರಿಗೇ ಗೊತ್ತು. ಸಂಜೆಯಾಗುತ್ತಿತ್ತು. ಹಲ್ಲು ಕಚ್ಚಿಕೊಂಡು ಬರೆದು ಮುಗಿಸಿದಳು. ಒಪ್ಪಬಾರದೆಂದು ಗೊತ್ತಿದ್ದೂ ಒಪ್ಪಿದ್ದಳು.

ಬೋರ್ಡುಗಳು ಬಂದವು, ಅದೇ ವಾರ ಟ್ರಾನ್ಸ್‌ಫಾರ್ಮರುಗಳೂ ಬಂದವು. ಜೋಡಣೆಯ ಟೇಬಲ್ಲಿನಲ್ಲಿ ಮೊದಲಿನಿಂದಲೂ ಕೆಲಸ ಮಾಡುತ್ತಿದ್ದ ಜಯಲಕ್ಷ್ಮಮ್ಮ ಒಂದು ಟ್ರಾನ್ಸ್‌ಫಾರ್ಮರನ್ನು ತೂತುಗಳ ಮೇಲಿಟ್ಟು ಒತ್ತಿದಳು. ಕೂರಲಿಲ್ಲ. ತಿರುಗಿಸಿ ಒತ್ತಿದಳು. ಕೂರಲಿಲ್ಲ. "ರಂಜಿತಾ, ವಸಿ ಬಾವ್ವ ಇಲ್ಲಿ" ಎಂದು ಕರೆದಾಗ ಅವಳ ದನಿ ಕೇಳಿಯೇ ರಂಜಿತಳಿಗೆ ಅರ್ಥವಾಯಿತು. ಡ್ರಾಯಿಂಗು ಕೆಳಗಿಂದ ನೋಡಿ ಬರೆದದ್ದಾಗಿತ್ತು. ಕನ್ನಡಿಯಲ್ಲಿ ಕಂಡ ಹಾಗೆ ಎಲ್ಲವೂ ಎಡ ಬಲ ಅದಲು ಬದಲಾಗಿತ್ತು.

ಶೆಡ್ಡಿನಲ್ಲಿದ್ದವರೆಲ್ಲ ಸುತ್ತ ನಿಂತಿದ್ದಾಗಲೇ ಚಲುವರಾಜು ಬಂದರು. "ಇಷ್ಟು ವರ್ಷದ ಸರ್ವೀಸು. ಎಡ ಯಾವ್ದು ಬಲ ಯಾವ್ದು ಗೊತ್ತಾಗ್ಲಿಲ್ವೇನವ್ವ?"

ಕಿಶನ್ ಹಿಂದೆ ನಿಂತು ಮೊಬೈಲು ನೋಡುತ್ತಿದ್ದ.

"ಬರೆದಿದ್ದು ನನ್ನ ಕೈ. ಅದನ್ನ ನಾನು ಇಲ್ಲ ಅನ್ನಲ್ಲ" ಅಂದಳು ರಂಜಿತ. "ಪೀಸ್ ಕೊಡದೆ ಬರೆಸಿದ್ದು ನೀವು. ಅದನ್ನ ನೀವು ಇಲ್ಲ ಅನ್ನಬ್ಯಾಡಿ."

ಚಲುವರಾಜು ಬೋರ್ಡನ್ನು ಕೈಗೆ ತೆಗೆದುಕೊಂಡು ಆ ಕಡೆ ಈ ಕಡೆ ನೋಡಿದರು. ಮನುಷ್ಯನ ಕೈಯಲ್ಲಿ ಉಪಾಯಕ್ಕೇನೂ ಕಮ್ಮಿಯಿರಲಿಲ್ಲ. ಬೋರ್ಡನ್ನು ಬೋರಲು ಹಾಕಿ, ಟ್ರಾನ್ಸ್‌ಫಾರ್ಮರನ್ನು ಕೆಳಗಡೆಯಿಂದ ತೂರಿಸಿದರು. ಕಾಲುಗಳು ಸರಾಗವಾಗಿ ಇಳಿದು ಕೂತವು.

"ನೋಡಿಲ್ಲಿ. ಕೂತ್ಕತ್ತು. ಎಲ್ಲಾನೂ ಇಂಗೇ ಕೆಳಗಿಂದ ಬೆಸ್ಗೆ ಹಾಕ್ಬುಡಿ."

"ಆಗಲ್ಲ ಅಣ್ಣಾ. ಬೋರ್ಡಿನ ಅಡಿಗೆ ಇಷ್ಟು ದಪ್ಪದ್ದು ಕೊಟ್ಟು ಮೂಲೆ ತಿರುಪು ಬಿಗಿದ್ರೆ ಬೋರ್ಡು ಬಾಗ್ತದೆ. ಅಡೀಲಿರೋದೆಲ್ಲ ಕರೆಂಟಿನ ಮೊನೆ. ಪೆಟ್ಟಿಗೆ ತಗಡಿಗೆ ತಾಗ್ತವೆ."

"ಮಧ್ಯೆ ರಟ್ಟು ಕೊಟ್ರಾಯ್ತು."

"ರಟ್ಟು ನೀರು ಕುಡೀತದೆ. ಪಂಪ್‌ಸೆಟ್ ಮನೆ ಒಳಗೆ ಒಣಗಿರೋದು ಏನಾದ್ರೂ ಇರ್ತದಾ? ನಮ್ಮ ರೈತರಲ್ಲಿ ಎಷ್ಟು ಜನ ಅರ್ತಿಂಗ್ ಮಾಡ್ಸವ್ರೆ? ಕಾಲು ನೆಂದಿರೋರು ಬಂದು ಬಾಗಿಲು ಮುಟ್ತಾರೆ."

ಚಲುವರಾಜು ಬೋರ್ಡನ್ನು ಟೇಬಲ್ಲಿನ ಮೇಲೆ ಹಾಕಿದರು. ಆಮೇಲೆ ಕೈ ಕೊಡವಿ, "ಆಯ್ತು ಬುಡು, ಮೂಲೆಗ್ ಹಾಕ್ಸ್ತೀನಿ. ನೀನು ಬ್ಯಾರೆ ಬರಿ" ಅಂದರು. ರಂಜಿತ ಟ್ರಾನ್ಸ್‌ಫಾರ್ಮರನ್ನು ಟೇಬಲ್ಲಿನ ಮೇಲಿಟ್ಟುಕೊಂಡು ಆ ಭಾಗವನ್ನು ಮೊದಲಿಂದ ಬರೆದಳು. ಕಾಗದಕ್ಕೆ ಅದೇ ಅಳತೆಯಲ್ಲಿ ಪ್ರಿಂಟು ತೆಗೆದು, ಥರ್ಮೊಕೋಲಿಗೆ ಅಂಟಿಸಿ, ಕಾಲುಗಳನ್ನು ಚುಚ್ಚಿ ನೋಡಿ, ಸರಿಯಿದೆ ಎಂದ ಮೇಲೇ ಕಳಿಸಿದಳು. ಅಮ್ಮನ ಕಣ್ಣಿನ ಪೊರೆ ತೆಗೆಸಬೇಕಿತ್ತು. ವಾರ ರಜೆ ಹಾಕಿ ನಾಗಮಂಗಲಕ್ಕೆ ಹೋದಳು.

ರಜೆ ಮುಗಿಸಿ ಬಂದ ಮೇಲೆ ಒಂದು ಬೆಳಿಗ್ಗೆ ಶೆಡ್ಡಿನ ಫೋನು ಹೊಡೆದುಕೊಂಡಿತು. ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ, ರಂಜಿತಳೇ ಎತ್ತಿದಳು. ಬೂಕನಕೆರೆಯಿಂದ ಸಿದ್ದಲಿಂಗಮ್ಮ ಎಂಬಾಕೆ. ಹೊಸ ಪೆಟ್ಟಿಗೆ ಚೆನ್ನಾಗಿ ಓಡುತ್ತಿದೆ, ಆದರೆ ಮುಟ್ಟಿದರೆ ಜುಮ್ ಅನ್ನುತ್ತದೆ, ಬಿಡುವಾದಾಗ ಯಾರನ್ನಾದರೂ ಕಳಿಸಿ ಅಂದಳು. ಅವಸರವೇನಿಲ್ಲ ಎಂದೂ ಸೇರಿಸಿದಳು.

ರಂಜಿತ ಸ್ಕೂಟಿ ತೆಗೆದುಕೊಂಡು ಆಗಲೇ ಹೊರಟಳು. ಹಿಂದಿನ ದಿನ ಮಳೆ ಹುಯ್ದು ಚಿನಕುರಳಿ ದಾಟಿದ ಮೇಲೆ ರಸ್ತೆಯುದ್ದಕ್ಕೂ ಕೆಸರು. ಸಿದ್ದಲಿಂಗಮ್ಮ ಕಬ್ಬಿನ ಗದ್ದೆಯ ಬದುವಿನ ಮೇಲೆ ಕಾಯುತ್ತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು, ಸೀರೆ ಎತ್ತಿ ಕಟ್ಟಿ, ಮೊಣಕಾಲವರೆಗೆ ಕೆಸರು.

"ಇಷ್ಟಕ್ಕೆಲ್ಲ ಬಂದ್ಬುಟ್ಟ್ಯಾ ಮಗ? ಫೋನಲ್ಲೇ ಏಳಿದ್ರಾಗ್ತಿತ್ತು" ಅಂದಳು. "ಎಲ್ಲ ಪೆಟ್ಗೇನೂ ವಸಿ ಜುಮ್ ಅಂತಾವೆ ಬುಡು. ನಾನು ಚಪ್ಲಿ ಹಾಕ್ಕಂಡೇ ಮುಟ್ಟಾದು. ಮೊಮ್ಮಗೀನ ಮಾತ್ರ ಒಳೀಕ್ ಬಿಟ್ಕಳಲ್ಲ."

ರಂಜಿತ ಟೆಸ್ಟರನ್ನು ಪೆಟ್ಟಿಗೆಯ ಬಾಗಿಲಿಗೆ ಮುಟ್ಟಿಸಿದಳು. ಹೊರಗಿನ ಬರೀ ತಗಡು. ಟೆಸ್ಟರಿನ ದೀಪ ಕೆಂಪಗೆ ಹತ್ತಿತು. ಫ್ಯೂಸು ತೆಗೆಸಿ, ಪೆಟ್ಟಿಗೆ ಬಿಚ್ಚಿದಳು. ಬೋರ್ಡು ಬಿಲ್ಲಿನ ಹಾಗೆ ಬಾಗಿ ನಿಂತಿತ್ತು. ಅಡಿಯಲ್ಲಿ ಟ್ರಾನ್ಸ್‌ಫಾರ್ಮರು. ಮಧ್ಯೆ ಕೊಟ್ಟಿದ್ದ ರಟ್ಟು ತೇವ ಕುಡಿದು ಮೆತ್ತಗಾಗಿ, ಒಂದು ಮೂಲೆಯಲ್ಲಿ ಕಪ್ಪಗೆ ಸುಟ್ಟಿತ್ತು.

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ನೀರು ಕೊಡಲೇ ಎಂದು ಸಿದ್ದಲಿಂಗಮ್ಮ ಕೇಳಿದ್ದು ಕೇಳಿಸಲಿಲ್ಲ. ಎದೆಯಿಂದ ಎದ್ದ ಉರಿ ಕಿವಿಯವರೆಗೂ ಬಂದಿತ್ತು. ಮೂಲೆಗೆ ಹಾಕಿಸುತ್ತೇನೆ ಅಂದಿದ್ದ ಮಾತು, ಮಾತು ಕೊಟ್ಟ ಬಾಯಿ, ತಾನು ರಜೆಗೆ ಹೋಗುವುದನ್ನೇ ಕಾದು ನಡೆಸಿದ ಈ ಕೆಲಸ. ಅದಕ್ಕಿಂತ ಹೆಚ್ಚಾಗಿ, ಜುಮ್ ಅನ್ನುವುದು ಮಾಮೂಲು ಎಂದು ಈ ಮುದುಕಿ ಚಪ್ಪಲಿ ಹಾಕಿಕೊಂಡು ಬದುಕಿಕೊಂಡಿರುವುದು.

"ಅಜ್ಜೀ, ಇದನ್ನ ಬಿಚ್ಕೊಂಡು ಹೋಗ್ತೀನಿ. ನಾಳೆ ಬೇರೆ ತಂದು ಹಾಕ್ತೀನಿ. ಅಲ್ಲೀಗಂಟ ಮೋಟ್ರು ಹಾಕಬ್ಯಾಡಿ."

"ಕಬ್ಬಿಗೆ ನೀರು ಬುಡ್ಬೇಕಲ್ಲ ಮಗ."

"ಕಬ್ಬು ಒಂದಿನ ತಡ್ಕೊಳ್ತದೆ" ಅಂದಳು. ಅವಳ ಮುಖ ನೋಡಿ ಸಿದ್ದಲಿಂಗಮ್ಮ ತಲೆಯಾಡಿಸಿದಳು.

ಶೆಡ್ಡಿಗೆ ಬಂದವಳು ಆ ಬೋರ್ಡನ್ನು ಸುಟ್ಟ ರಟ್ಟಿನ ಸಮೇತ ಚಲುವರಾಜು ಅವರ ಟೇಬಲ್ಲಿನ ಮೇಲಿಟ್ಟಳು. ಅವರು ಕಾಫಿ ಕುಡಿಯುತ್ತಿದ್ದರು. ಕಿಶನ್ ಎದುರು ಕುರ್ಚಿಯಲ್ಲಿದ್ದ.

"ಎಷ್ಟು ಕಳಿಸಿದ್ರಿ?"

"ಎಲ್ಲಾನೂ ಕಳ್ಸಿಲ್ಲ ಕಣವ್ವ. ಒಂದಷ್ಟು ಮಾತ್ರ. ಡೀಲ್ರು ಕುತ್ಗೆ ಮೇಲೆ ಕೂತಿದ್ದ."

"ಪೆಟ್ಟಿಗೆ ತಗಡಿಗೆ ಕರೆಂಟು ಬರ್ತಾ ಅದೆ."

"ಪ್ರತಿಯೊಂದನ್ನೂ ಚೆಕ್ ಮಾಡೇ ಕಳಿಸಿದ್ದು ಮೇಡಮ್" ಅಂದ ಕಿಶನ್. "ಒಂದು ಪೀಸಲ್ಲಿ ತೊಂದರೆ ಬಂತು ಅಂತ..."

"ಇಲ್ಲಿ ಒಣಗಿದ್ದಾಗ ಚೆಕ್ ಮಾಡಿದ್ರಿ. ಅಲ್ಲಿ ಮಳೆಗಾಲ."

ಚಲುವರಾಜು ಲೋಟ ಕೆಳಗಿಟ್ಟರು. "ಈಗೇನಾಯ್ತು? ಯಾರಿಗಾದ್ರೂ ಏನಾರ ಆಯ್ತ?"

ರಂಜಿತ ಅವರನ್ನೇ ನೋಡಿದಳು. ಅವಳ ದನಿ ಮತ್ತೂ ತಗ್ಗಿತು. "ಆಗೋ ಗಂಟ ಕಾಯೋಣ ಅಂತೀರಾ ಅಣ್ಣಾ? ಯಾರೋ ಒಬ್ಬರು ಗದ್ದೇಲಿ ಬಿದ್ದ ಮೇಲೆ ಹೋಗಿ ಬಿಚ್ಚೋಣ್ವ? ಎಲ್ಲಾನೂ ವಾಪಸ್ ತರಬೇಕು. ಇವತ್ತಿಂದಾನೇ."

"ವಾಪಸ್ ತಂದ್ರೆ ಮೂರು ತಾಲೂಕಲ್ಲಿ ಮಾನ ಓಯ್ತದೆ. ಯಾವನೂ ನಮ್ ಪೆಟ್ಗೆ ತಗಳಲ್ಲ. ದೂರು ಬಂದಂಗ್ ಬಂದಂಗೆ ಸರಿ ಮಾಡ್ಕೊಡಾನ."

"ದೂರು ಬರಲ್ಲ. ಚಪ್ಲಿ ಹಾಕ್ಕೊಂಡು ಮುಟ್ತಾರೆ, ಅಷ್ಟೇ."

ರಂಜಿತ ಅಲ್ಲಿಂದ ಜೋಡಣೆಯ ಟೇಬಲ್ಲಿಗೆ ಹೋದಳು. ಜಯಲಕ್ಷ್ಮಮ್ಮ ತಲೆ ಎತ್ತಲಿಲ್ಲ.

"ನಿನ್ನ ಕೈಲೇ ಬೆಸುಗೆ ಹಾಕ್ಸಿದ್ರಾ?"

"ನಾನೇನ್ ಮಾಡ್ಲವ್ವ. ಧಣಿ ನಿಂತ್ಕಂಡು ಏಳ್ತಾವ್ರೆ, ಆಗಲ್ಲ ಅನ್ನಾಕಾಯ್ತದ?"

ಆಗುತ್ತದೆ ಎಂಬ ಮಾತು ರಂಜಿತಳ ನಾಲಿಗೆಯವರೆಗೆ ಬಂದು ನಿಂತಿತು. ಡ್ರಾಯಿಂಗು ನೋಡಿ ಬರೆದ ಆ ಸಂಜೆ ತನಗೂ ಆಗಿರಲಿಲ್ಲ. "ಯಾವ್ಯಾವ ಊರಿಗೆ ಹೋದವು, ಹೇಳು" ಅಂದಳಷ್ಟೆ. ಪ್ಯಾಕಿಂಗು ಮಾಡಿದವಳೂ ಜಯಲಕ್ಷ್ಮಮ್ಮನೇ. ನೆನಪು ಮಾಡಿಕೊಂಡು ಒಂದೊಂದಾಗಿ ಹೇಳಿದಳು. ಹೆಚ್ಚಿನವು ಶ್ರೀರಂಗಪಟ್ಟಣದ ಡೀಲರ ಗೋಡೌನಿನಲ್ಲೇ ಇದ್ದವು. ರಂಜಿತ ಅಲ್ಲಿಗೆ ಫೋನ್ ಮಾಡಿ, ಇದು ಶಾಕ್ ಹೊಡೆಯುವ ಮಾಲು, ಒಂದನ್ನು ಮಾರಿದರೂ ಮುಂದಿನದು ನಿಮ್ಮ ತಲೆಗೆ ಅಂದಳು. ಆತ ಅವತ್ತೇ ಗಾಡಿಗೆ ಹೇರಿ ವಾಪಸ್ ಕಳಿಸಿದ. ಉಳಿದವು ಚಿನಕುರಳಿ, ಬೂಕನಕೆರೆ, ನಾಗಮಂಗಲದ ಸುತ್ತಮುತ್ತ ಆಗಲೇ ಗೋಡೆಗೆ ಏರಿದ್ದವು.

ಸರಿಯಾಗಿ ಬರೆದ ಹೊಸ ಬೋರ್ಡುಗಳ ಮೊದಲ ಕಂತು ಬಂದು ಜೋಡಣೆಯಾಗಿತ್ತು. ಮಾರನೆಯ ಬೆಳಿಗ್ಗೆ ರಂಜಿತ ಅವನ್ನು ಚೀಲಕ್ಕೆ ತುಂಬುತ್ತಿದ್ದಾಗ ಕಿಶನ್ ಅಡ್ಡ ಬಂದು, ಸ್ಟಾಕ್ ಮುಟ್ಟಬೇಡಿ ಮೇಡಮ್ ಅಂದ. ಅವಳು ಅವನ ಮಾತು ಕಿವಿಗೆ ಹಾಕಿಕೊಳ್ಳದೆ ಚಲುವರಾಜು ಅವರ ಕಡೆ ನೋಡಿದಳು. ಅವರು ಬೇಡ ಅನ್ನಲಿಲ್ಲ, ತಗೋ ಎಂದೂ ಅನ್ನಲಿಲ್ಲ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಅವಳ ಸಿಟ್ಟು ಆಗ ನೆತ್ತಿಗೇರಿತು. ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು.

ಹೊರಗೆ ಅವಳ ಗಂಡ ಮಂಜುನಾಥ ಬೈಕಿನ ಮೇಲೆ ಕಾಯುತ್ತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅವನು. ಎರಡು ದಿನ ರಜೆ ಹಾಕಿ ಬಂದಿದ್ದ.

"ಲೇ ರಂಜಿ, ಇದಕ್ಕೆಲ್ಲ ಸಂಬಳ ಕೊಡ್ತಾರೇನೇ ನಿಂಗೆ?" ಅಂದ.

"ಬಾಯ್ ಮುಚ್ಕೊಂಡು ಗಾಡಿ ಓಡ್ಸಿ."

ಅವನು ನಗುತ್ತ ಗಾಡಿ ಓಡಿಸಿದ. ಅವಳ ಸಿಟ್ಟಿಗೆ ಒಗ್ಗಿಹೋಗಿದ್ದ ಒಬ್ಬನೇ ಮನುಷ್ಯ ಅವನು.

ಆ ಎರಡು ದಿನದ ತಿರುಗಾಟ ಅವಳು ಅಂದುಕೊಂಡ ಹಾಗೆ ನಡೆಯಲಿಲ್ಲ. ಓಡುತ್ತಿರುವ ಪೆಟ್ಟಿಗೆಯನ್ನು ಬಿಚ್ಚಲು ರೈತರು ಒಪ್ಪಬೇಕಲ್ಲ. ಯಾಕೆ, ಏನು, ಹೊಸದಕ್ಕೆ ಮತ್ತೆ ದುಡ್ಡು ಕೇಳುತ್ತೀರಾ ಎಂದು ಒಬ್ಬೊಬ್ಬರದೂ ಒಂದೊಂದು ಅನುಮಾನ. ಹೋದ ಕಡೆಯಲ್ಲೆಲ್ಲ ಅವಳು ಅದೇ ಮಾತು ಹೇಳಬೇಕಾಯಿತು: "ಈ ಬೋರ್ಡು ಬರೆದೋಳು ನಾನು. ಟ್ರಾನ್ಸ್‌ಫಾರ್ಮರು ತಪ್ಪಾಗಿ ಬರೆದೆ. ಅದಕ್ಕೆ ಬದ್ಲಾಯಿಸ್ತಾ ಇದೀನಿ." ಕೆಲವರು ಪರವಾಗಿಲ್ಲ ಬುಡವ್ವ ಅಂದರು. ಕೆಲವರು, ಹೆಂಗಸರ ಕೈಲಿ ಇಂಥ ಕೆಲಸ ಮಾಡಿಸಿದರೆ ಇನ್ನೇನಾಗುತ್ತದೆ ಎಂದು ಅವಳ ಎದುರಿಗೇ ಆಡಿಕೊಂಡರು. ಒಂದೊಂದು ಸಲವೂ ಅವಳ ರಕ್ತ ಕುದಿಯಿತು. ತಪ್ಪು ಬರೆದದ್ದಷ್ಟೇ ಅವಳದು. ತಪ್ಪೆಂದು ಗೊತ್ತಾದ ಮೇಲೆ ಮುಚ್ಚಿಟ್ಟು ಕಳಿಸಿದವರು ಪಾಂಡವಪುರದಲ್ಲಿ ಫ್ಯಾನಿನ ಕೆಳಗೆ ಕೂತಿದ್ದರು. ಅದನ್ನು ಬೀದಿಯಲ್ಲಿ ಹೇಳಲು ಮನಸ್ಸು ಬರಲಿಲ್ಲ. ಹೇಳದೆ ಇದ್ದದ್ದಕ್ಕೆ ತನ್ನ ಮೇಲೂ ಸಿಟ್ಟು.

ಕೊನೆಗೆ ಉಳಿದದ್ದು ಚಿನಕುರಳಿಯ ಚೌಡಯ್ಯನದು. ಹುರಿಮೀಸೆಯ ಮುದುಕ, ಪಂಪ್‌ಸೆಟ್ ಮನೆಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದ.

"ಓಡ್ತಿರೋ ಮೋಟ್ರು ನಿಲ್ಸಿ ಪೆಟ್ಗೆ ಬಿಚ್ತೀನಿ ಅಂತೀಯಲ್ಲಮ್ಮಿ, ತಲೆ ನೆಟ್ಟಗದ?"

"ಶಾಕ್ ಹೊಡೀತದೆ ಗೌಡ್ರೇ. ನೋಡಿ ಬೇಕಾದ್ರೆ." ಟೆಸ್ಟರ್ ಮುಟ್ಟಿಸಿ ತೋರಿಸಿದಳು. ದೀಪ ಮಂಕಾಗಿ ಹತ್ತಿತು.

"ಇದೊಂದು ಶಾಕಾ? ನಮ್ ಕಾಲ್ದಲ್ಲಿ ಮೇನ್ ತಂತೀನೇ ಕೈಲಿ ಇಡ್ದು ಸಿಗಾಕ್ತಿದ್ವಿ. ಓಗು ಓಗು. ನಿಮ್ ಚಲುವ್ರಾಜು ನಂಗೆ ಬೀಗ ಆಗ್ಬೇಕು. ಏನಾರ ಇದ್ರೆ ಅವ್ನೇ ಬಂದು ಏಳ್ತಾನೆ. ನೀನ್ಯಾರು?"

ರಂಜಿತ ಅವನ ಎದುರಿಗೆ ಬದುವಿನ ಮೇಲೆ ಕೂತಳು. ಏಳಲಿಲ್ಲ. ಮಧ್ಯಾಹ್ನ ಕಳೆಯಿತು. ಚೌಡಯ್ಯನ ಸೊಸೆ ಮುದ್ದೆ ತಂದಳು; ಅವನು ಅಲ್ಲೇ ಉಂಡ, ನಿಮಗೂ ಹಾಕಿಸಲೇ ಅಂದ, ಬೇಡ ಅಂದಳು. ಹೊತ್ತಿಳಿದ ಮೇಲೆ ಮಂಜುನಾಥ ಅವಳ ಭುಜ ಮುಟ್ಟಿ, "ಬಾರೇ, ಇವ್ರಿಗೆ ಏಳಿ ಪ್ರಯೋಜನಿಲ್ಲ" ಎಂದು ಎಬ್ಬಿಸಿದ. ಎದ್ದವಳು ಚೌಡಯ್ಯನಿಗೆ ಒಂದು ಮಾತು ಅಂದಳು: "ನಿಮ್ಮ ಸೊಸೆ ಬರಿಗಾಲಲ್ಲಿ ಅವ್ಳೆ. ಅವ್ಳಿಗೆ ಮುಟ್ಟಬ್ಯಾಡ ಅಂತನಾದ್ರೂ ಹೇಳಿ." ಚೌಡಯ್ಯ ಮೀಸೆ ತಿರುವಿದ.

ಮಾರನೆಯ ದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಚೌಡಯ್ಯನ ಸೊಸೆಯ ಫೋನು ಬಂತು. ಬೆಳಗಾಗುತ್ತಲೇ ಚಲುವರಾಜು ಜೀಪಿನಲ್ಲಿ ಬಂದರಂತೆ, ಬೀಗನಿಗೆ ಏನು ಹೇಳಿದರೋ, ತಾವೇ ಸ್ಪ್ಯಾನರು ಹಿಡಿದು ಪೆಟ್ಟಿಗೆ ಬಿಚ್ಚಿ ಹೊಸದು ಹಾಕಿದರಂತೆ. ಹೋಗುವಾಗ, ಆ ಹುಡ್ಗಿ ಬಂದಿದ್ಲಾ, ಊಟ ಮಾಡಿದ್ಲಾ ಎಂದು ಕೇಳಿದರಂತೆ.

ಕೇಳಿ ರಂಜಿತಳಿಗೆ ಸಮಾಧಾನವಾಗಲಿಲ್ಲ. ಎದೆಯ ಒಂದು ಭಾರವೇನೋ ಇಳಿಯಿತು, ಯಾರಾದರೂ ಸತ್ತರೆ ಎಂಬ ಭಾರ. ಉರಿ ಮಾತ್ರ ಹಾಗೇ ಉಳಿಯಿತು. ಕದ್ದು ಕಳಿಸಿದರು, ಈಗ ಕದ್ದು ಸರಿ ಮಾಡಿದರು. ಶೆಡ್ಡಿನಲ್ಲಿ ಎಲ್ಲರೆದುರು ಎಡ ಬಲ ಗೊತ್ತಾಗಲಿಲ್ಲವೇ ಎಂದು ಕೇಳಿದ ಬಾಯಿಗೆ, ಎಲ್ಲರೆದುರು ನನ್ನದೂ ತಪ್ಪಾಯಿತು ಅನ್ನಲು ಏನು ಕಷ್ಟ?

ಸಂಜೆ ಚಲುವರಾಜು ಮನೆಗೇ ಬಂದರು. ಮಂಜುನಾಥ ಕುರ್ಚಿ ಕೊಟ್ಟ. ಅವರು ಕೂತು, ಒಳಗಿಂದ ಬಂದ ರಂಜಿತಳನ್ನು ನೋಡಿದರು.

"ಕ್ವಾಪ ಇಳೀತೇನವ್ವ?"

"ಇಲ್ಲ."

"ಎಲ್ಲಾನೂ ವಾಪಸ್ ಬಂತಲ್ಲ. ಇನ್ನೇನದೆ? ಬಾ ನಾಳಿಂದ."

"ಬರ್ತೀನಿ. ಕಿಶನ್, ಜಯಲಕ್ಷ್ಮಮ್ಮ, ಎಲ್ರೂ ಇರ್ಬೇಕಾದ್ರೆ ನೀವು ಒಂದು ಮಾತು ಹೇಳ್ಬೇಕು. ರಂಜಿತ ಬ್ಯಾಡ ಅಂದ್ರೂ ಕಳಿಸಿದ್ದು ನಾನು ಅಂತ."

ಚಲುವರಾಜು ಶಾಲು ಸರಿ ಮಾಡಿಕೊಂಡರು. "ಕೆಲ್ಸದೋರ್ ಮುಂದೆ ನಾನ್ ಅಂಗೆಲ್ಲ ಏಳಾಕಾಯ್ತದೇನವ್ವ? ಅಳಿಯ ಬ್ಯಾರೆ ಅವ್ನೆ."

"ನಾನು ಊರೂರಲ್ಲಿ ಹೇಳ್ಕೊಂಡು ಬಂದೆ. ಕಂಡೋರ್ ಗದ್ದೇಲಿ ನಿಂತು."

"ನೀನು ಚಿಕ್ಕೋಳು ಕಣವ್ವ."

ಆ ಒಂದು ಮಾತಿಗೆ ರಂಜಿತ ಎದ್ದು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಚಲುವರಾಜು ಮಂಜುನಾಥನ ಜೊತೆ ಕಬ್ಬಿನ ವಿಷಯ ಸ್ವಲ್ಪ ಹೊತ್ತು ಮಾತಾಡಿ, ಕಾಫಿ ಕುಡಿದು ಹೋದರು.

ಅವಳು ಶೆಡ್ಡಿಗೆ ಮತ್ತೆ ಹೋಗಲಿಲ್ಲ. ತಾನು ಬರೆದಿಟ್ಟ ಭಾಗಗಳೆಲ್ಲ ಅಲ್ಲೇ ಆ ಕಂಪ್ಯೂಟರಿನಲ್ಲೇ ಉಳಿದವು. ಒಂದನ್ನೂ ತರಲಿಲ್ಲ, ಒಂದನ್ನೂ ಅಳಿಸಲಿಲ್ಲ. ಅಳಿಸಿ ಬರಬೇಕಿತ್ತು ಎಂದು ಮಂಜುನಾಥ ಅಂದಾಗ, "ಅವು ಇಲ್ದಿದ್ರೆ ಕಿಶನ್ ಅಂದಾಜಲ್ಲಿ ಬರೀತಾನೆ, ಸಾಯೋರು ರೈತರು" ಅಂದಳು. ಮನೆಯ ಮುಂದಿನ ಕೋಣೆಯಲ್ಲಿ ಸಾಲದ ಕಂಪ್ಯೂಟರ್ ಇಟ್ಟುಕೊಂಡು, ಮೈಸೂರಿನ ಸಣ್ಣ ಸಣ್ಣ ಕಾರ್ಖಾನೆಗಳಿಗೆ ಬೋರ್ಡು ಬರೆದುಕೊಡಲು ಶುರು ಮಾಡಿದಳು. ಭಾಗಗಳನ್ನೆಲ್ಲ ಮತ್ತೆ ಮೊದಲಿಂದ, ಒಂದೊಂದೇ ರಿಲೇ, ಒಂದೊಂದೇ ಕನೆಕ್ಟರು. ಮೊದಮೊದಲು ಕೆಲಸ ಸಿಗುವುದೇ ಕಷ್ಟವಾಯಿತು. ಪಾಂಡವಪುರದಲ್ಲಿ ಅವಳ ಬಗ್ಗೆ ಎರಡು ಥರ ಮಾತಿತ್ತು: ತಪ್ಪು ಬೋರ್ಡು ಬರೆದು ಕೆಲಸ ಕಳೆದುಕೊಂಡವಳು ಎಂದು ಕೆಲವರು, ಅನ್ನ ಕೊಟ್ಟ ಧಣಿಗೆ ತಿರುಗಿಬಿದ್ದವಳು ಎಂದು ಕೆಲವರು. ಎರಡೂ ಅವಳ ಕಿವಿಗೆ ಬಿದ್ದವು.

ಶ್ರಾವಣದಲ್ಲಿ ಕಿಶನ್ ಮಗುವಿನ ನಾಮಕರಣಕ್ಕೆ ಚಲುವರಾಜು ಅವರ ಹೆಂಡತಿ ಬಂದು ಕುಂಕುಮ ಕೊಟ್ಟು ಕರೆದುಹೋದರು. ಹೋಗುತ್ತೀಯಾ ಎಂದು ಮಂಜುನಾಥ ಕೇಳಿದ. ಮಗು ಏನು ಮಾಡಿತ್ತು ಅಂದಳು. ರೇಷ್ಮೆ ಸೀರೆ ಉಟ್ಟು ಹೋದಳು. ಮಗುವನ್ನು ಎತ್ತಿಕೊಂಡಳು, ಪಂಕ್ತಿಯಲ್ಲಿ ಕೂತು ಉಂಡಳು. ಚಲುವರಾಜು ತಾವೇ ತುಪ್ಪದ ಚೊಂಬು ಹಿಡಿದು ಬಡಿಸುತ್ತ ಅವಳ ಎಲೆಯ ಮುಂದೆ ಬಗ್ಗಿದಾಗ ಒಂದು ಕ್ಷಣ ನಿಂತರು, ಏನೋ ಹೇಳುವವರ ಹಾಗೆ. ಅವಳೂ ಕಾದಳು. ಪಕ್ಕದವರು ತುಪ್ಪ ಎಂದು ಕೈ ಚಾಚಿದರು, ಅವರು ಮುಂದಕ್ಕೆ ಹೋದರು.

ರಂಜಿತ ಊಟ ಮುಗಿಸಿ, ಕೈ ತೊಳೆದು, ಕಿಶನ್ ಎದುರಿಗೆ ಬಂದರೂ ಮಾತಾಡಿಸದೆ ಹೊರಗೆ ಬಂದಳು. ಮಂಜುನಾಥ ಬೈಕು ಸ್ಟಾರ್ಟ್ ಮಾಡಿದ. ಹಿಂದೆ ಹತ್ತಿ ಕೂತವಳು, "ಇವತ್ತೂ ಹೇಳ್ಲಿಲ್ಲ" ಅಂದಳು.